ವೇದಿಕೆಗೆ ಒಯ್ಯಲು ಯಾವ ಗಿಟಾರ್ ಪ್ರೊಸೆಸರ್ ಕೊಳ್ಳಬೇಕು?

ಗಣೇಶನ ಹಬ್ಬ ಹತ್ತಿರ ಬರುತ್ತಿದ್ದಂತೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಗಿಟಾರ್ ವಾದಕರದು ಒಂದೇ ಪ್ರಶ್ನೆ: "ಆರ್ಕೆಸ್ಟ್ರಾಕ್ಕ ಒಯ್ಯಾಕ ಯಾವ ಪ್ರೊಸೆಸರ್ ಚಲೋರಿ?" ಒಂದು ಮಾಡೆಲ್ ಹೆಸರು ಹೇಳಿ ಕೈತೊಳೆದುಕೊಳ್ಳಬಹುದು. ಆದರೆ ಮದುವೆ ಆರತಕ್ಷತೆಯಲ್ಲಿ ನುಡಿಸುವವರಿಗೆ ಹೊಂದಿದ್ದು ಕಾಲೇಜು ಬ್ಯಾಂಡಿನವರಿಗೆ ಹೊಂದುವುದಿಲ್ಲ. ಜಾತ್ರೆಯ ರಸಮಂಜರಿಗೆ ಬೇಕಾದದ್ದು ಚರ್ಚಿನ ಕ್ವಾಯರ್‌ಗೆ ಬೇಕಿಲ್ಲ. ಹಾಗಾಗಿ ನೀವೇ ಅಳೆದು ತೂಗಿ ಆರಿಸಿಕೊಳ್ಳುವ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ಕೊಟ್ಟಿದ್ದೇವೆ.

ಹೊಸಬರಿಗಾಗಿ ಒಂದು ಮಾತು. ಡಿಸ್ಟಾರ್ಶನ್, ಕೋರಸ್, ಡಿಲೇ, ರಿವರ್ಬ್ ಮುಂತಾದ ಎಫೆಕ್ಟ್‌ಗಳಿಗೆ ಬೇರೆ ಬೇರೆ ಪೆಡಲ್ ಇಟ್ಟುಕೊಳ್ಳುವ ಬದಲು ಎಲ್ಲವನ್ನೂ ಒಂದೇ ಡಬ್ಬಿಯಲ್ಲಿ ಡಿಜಿಟಲ್ ಆಗಿ ಕೊಡುವ ಸಾಧನವೇ ಮಲ್ಟಿ-ಎಫೆಕ್ಟ್ಸ್ ಪೆಡಲ್. ನಮ್ಮ ಕಡೆ ಎಲ್ಲರ ಬಾಯಲ್ಲೂ ಅದು ಪ್ರೊಸೆಸರ್. ಒಂದು ಹಾಡಿಗೆ ಬೇಕಾದ ಎಫೆಕ್ಟ್‌ಗಳನ್ನು ಜೋಡಿಸಿ ಉಳಿಸಿಟ್ಟ ಸೆಟ್ಟಿಂಗ್‌ಗೆ ಪ್ಯಾಚ್ ಎನ್ನುತ್ತಾರೆ.

ನಮ್ಮ ಭಾಗದ ಬಹುತೇಕ ವೇದಿಕೆಗಳಲ್ಲಿ ಗಿಟಾರ್ ಆಂಪ್ (ಆಂಪ್ಲಿಫೈಯರ್) ಇರುವುದಿಲ್ಲ. ಗಿಟಾರಿನ ಲೈನ್ ನೇರವಾಗಿ ಮಿಕ್ಸರ್‌ಗೆ ಹೋಗುತ್ತದೆ. ಕರೆಂಟು ಒಮ್ಮೆ ಲೈನಿನದು, ಒಮ್ಮೆ ಜನರೇಟರಿನದು. ಸೌಂಡ್ ಚೆಕ್‌ಗೆ ಐದು ನಿಮಿಷ ಸಿಕ್ಕರೆ ಹೆಚ್ಚು. ಆದ್ದರಿಂದ ಇಲ್ಲಿ ಪ್ರೊಸೆಸರ್ ಆರಿಸುವಾಗ ಔಟ್‌ಪುಟ್, ಪವರ್, ಫೂಟ್‌ಸ್ವಿಚ್ ಈ ಮೂರನ್ನು ಮೊದಲು ನೋಡಬೇಕು. ಎಫೆಕ್ಟ್ ಎಷ್ಟಿವೆ ಎಂಬ ಲೆಕ್ಕ ಕೊನೆಗೆ. ಇವತ್ತು ಮಾರುಕಟ್ಟೆಯಲ್ಲಿರುವ ಅಗ್ಗದ ಪ್ರೊಸೆಸರ್‌ನಲ್ಲೂ ನೀವು ವರ್ಷವಿಡೀ ಬಳಸುವುದಕ್ಕಿಂತ ಹೆಚ್ಚು ಎಫೆಕ್ಟ್‌ಗಳಿರುತ್ತವೆ.

ಹಂತ 1: ನಿಮ್ಮ ಹಾಡುಪಟ್ಟಿಯನ್ನು ಕಾಗದದ ಮೇಲೆ ಇಳಿಸಿ

ಅಂಗಡಿಗೆ ಹೋಗುವ ಮುಂಚೆ, ಈಚಿನ ಎರಡು ಮೂರು ಕಾರ್ಯಕ್ರಮಗಳಲ್ಲಿ ನುಡಿಸಿದ ಹಾಡುಗಳನ್ನು ಬರೆಯಿರಿ. ಪ್ರತಿ ಹಾಡಿನ ಮುಂದೆ ಅದಕ್ಕೆ ಬೇಕಾದ ಟೋನ್ ಬರೆಯಿರಿ: ಕ್ಲೀನ್, ಕೋರಸ್ ಹಾಕಿದ ಕ್ಲೀನ್, ಅರೆ ಡ್ರೈವ್, ಪೂರ್ತಿ ಡಿಸ್ಟಾರ್ಶನ್, ಡಿಲೇ ಸೇರಿದ ಲೀಡ್, ವಾ (ಪೆಡಲ್ ತುಳಿದಂತೆ 'ವಾ ವಾ' ಎನ್ನುವ ದನಿ), ಅಕೌಸ್ಟಿಕ್‌ನಂಥದ್ದು. ಕನ್ನಡ, ಹಿಂದಿ, ಮರಾಠಿ ಹಾಡುಗಳನ್ನು ಬೆರೆಸಿ ನುಡಿಸುವ ತಂಡಗಳಲ್ಲೂ ಕೊನೆಗೆ ಐದಾರು ಟೋನ್‌ಗಿಂತ ಹೆಚ್ಚು ಬೇಕಾಗುವುದಿಲ್ಲ.

ಆ ಮೇಲೆ ಇನ್ನೊಂದು ಗುರುತು ಹಾಕಿ. ಒಂದೇ ಹಾಡಿನೊಳಗೆ ಎಷ್ಟು ಸಲ ಟೋನ್ ಬದಲಾಗುತ್ತದೆ? ಚರಣದಲ್ಲಿ ಕ್ಲೀನ್ ರಿದಮ್, ನಡುವಿನ ಸಂಗೀತದಲ್ಲಿ ಡ್ರೈವ್ ಲೀಡ್, ಮತ್ತೆ ಪಲ್ಲವಿಗೆ ಕ್ಲೀನ್ ಎನ್ನುವ ಹಾಡುಗಳೇ ಹೆಚ್ಚಿದ್ದರೆ ನಿಮಗೆ ಕಾಲಿನ ಕೆಲಸ ಜಾಸ್ತಿ. ಫೂಟ್‌ಸ್ವಿಚ್ ಹೆಚ್ಚಿರುವುದೇ ಬೇಕು. ಹಾಡಿಡೀ ಒಂದೇ ಟೋನ್ ಸಾಕಾದರೆ ಎರಡು ಸ್ವಿಚ್ಚಿನ ಸಣ್ಣದೇ ಸಾಕು.

ಹಾಡುಗಾರರು ಶ್ರುತಿ ಬದಲಿಸಿದಾಗ, ಅಂದರೆ ಹಾರ್ಮೋನಿಯಂನ ಕಪ್ಪು ಒಂದರ ಹಾಡನ್ನು ಕಪ್ಪು ಎರಡಕ್ಕೆ ಏರಿಸಿದಾಗ, ಪ್ರೊಸೆಸರಿನ ಪಿಚ್ ಶಿಫ್ಟ್ ಹಾಕಿಕೊಂಡರಾಯಿತು ಎಂದುಕೊಳ್ಳುವವರಿದ್ದಾರೆ. ಅಗ್ಗದ ಪ್ರೊಸೆಸರ್‌ಗಳಲ್ಲಿ ಇಡೀ ಕಾರ್ಡ್ ನುಡಿಸಿದಾಗ ಅದು ತಡವಾಗಿ ಕೇಳಿಸುತ್ತದೆ, ದನಿ ನಡುಗುತ್ತದೆ. ಆ ಕೆಲಸಕ್ಕೆ ಕೇಪೋ, ಅಂದರೆ ಗಿಟಾರಿನ ಕತ್ತಿಗೆ ಕಚ್ಚಿಸಿ ಶ್ರುತಿ ಏರಿಸುವ ಕ್ಲಿಪ್, ಇಟ್ಟುಕೊಳ್ಳಿ.

ಹಂತ 2: ದುಡ್ಡನ್ನು ಮೊದಲೇ ಪಾಲು ಮಾಡಿ

ಕೈಯಲ್ಲಿರುವ ಹಣವನ್ನೆಲ್ಲ ಪ್ರೊಸೆಸರ್ ಮೇಲೆ ಹಾಕಬೇಡಿ. ಐದರಲ್ಲಿ ಒಂದು ಪಾಲನ್ನು ಇತರ ಸಾಮಾನಿಗೆ ತೆಗೆದಿಡಿ: ಗಟ್ಟಿ ಗಿಟಾರ್ ಕೇಬಲ್ ಎರಡು (ಒಂದು 3 ಮೀಟರ್, ಇನ್ನೊಂದು 6 ಮೀಟರ್), ಒಂದು ಡಿಐ ಬಾಕ್ಸ್ (ಏನೆಂದು ಹಂತ 3ರಲ್ಲಿದೆ), ಹೆಚ್ಚುವರಿ ಅಡಾಪ್ಟರ್, ಒಳಗೆ ಫೋಮ್ ಇರುವ ಬ್ಯಾಗ್. ಇವಿಲ್ಲದೆ ಎಷ್ಟೇ ದುಬಾರಿ ಪ್ರೊಸೆಸರ್ ಒಯ್ದರೂ ವೇದಿಕೆಯ ಮೇಲೆ ಅದು ಅಗ್ಗದ್ದರ ಹಾಗೆಯೇ ಕೇಳಿಸುತ್ತದೆ.

ಬ್ಯಾಗ್ ವಿಷಯ ಸಣ್ಣದಲ್ಲ. ಬಸ್ಸಿನಲ್ಲೋ ಬೈಕಿನಲ್ಲೋ ಹೋಗುವವರಿಗೆ ಬೆನ್ನಿಗೆ ಗಿಟಾರ್, ಅದರ ಬ್ಯಾಗಿನ ಮುಂದಿನ ಜೇಬಿನಲ್ಲಿ ಪ್ರೊಸೆಸರ್ ಎನ್ನುವುದೇ ರೂಢಿ. ಅಲ್ಲಿ ಇಡುವ ಡಬ್ಬಿಯ ಮೂಲೆ ಗಿಟಾರಿನ ಬಾಡಿಗೆ ಒತ್ತುತ್ತದೆ. ನಡುವೆ ದಪ್ಪ ಫೋಮ್ ಇರಲೇಬೇಕು. ಎರಡು ಕಿಲೊ ದಾಟಿದ್ದನ್ನು ಆ ಜೇಬಿನಲ್ಲಿ ಇಡಲೇಬೇಡಿ, ಹೊಲಿಗೆ ಬಿಚ್ಚುತ್ತದೆ. ಬೇರೆ ಕೈಚೀಲ ಮಾಡಿಕೊಳ್ಳಿ.

ಹಂತ 3: ಹಿಂಬದಿಯ ತೂತುಗಳನ್ನು ನೋಡಿ

ಅಂಗಡಿಯಲ್ಲಿ ಪ್ರೊಸೆಸರ್ ಕೈಗೆ ಬಂದ ಕೂಡಲೇ ಎಲ್ಲರೂ ಸ್ಕ್ರೀನ್ ನೋಡುತ್ತಾರೆ. ನೀವು ಅದನ್ನು ತಿರುಗಿಸಿ ಹಿಂಬದಿ ನೋಡಿ. ವೇದಿಕೆಯ ಮೇಲಿನ ತೊಂದರೆಗಳಲ್ಲಿ ಬಹಳಷ್ಟು ಹುಟ್ಟುವುದು ಅಲ್ಲಿಯೇ.

ಔಟ್‌ಪುಟ್ ಮೂರು ಬಗೆಯಲ್ಲಿ ಬರುತ್ತದೆ. ಮೊದಲನೆಯದು ಎಲ್/ಮೋನೋ ಮತ್ತು ಆರ್ ಎಂದು ಬರೆದ ಎರಡು ದೊಡ್ಡ ಜ್ಯಾಕ್‌ಗಳು, ಅಂದರೆ ಗಿಟಾರ್ ಕೇಬಲ್ ಹೋಗುವ 6.35 ಮಿಲಿಮೀಟರ್ ಅಳತೆಯವು. ಎರಡನೆಯದು ಔಟ್‌ಪುಟ್ ಮತ್ತು ಹೆಡ್‌ಫೋನ್ ಎರಡಕ್ಕೂ ಒಂದೇ ಜ್ಯಾಕ್. ಮೂರನೆಯದು ಮೈಕ್ ಕೇಬಲ್ ಸಿಕ್ಕಿಸುವ ಮೂರು ಪಿನ್ನಿನ ಎಕ್ಸ್‌ಎಲ್‌ಆರ್. ಎಕ್ಸ್‌ಎಲ್‌ಆರ್ ಬ್ಯಾಲೆನ್ಸ್ಡ್ ಲೈನ್. ಎಂದರೆ ಅದೇ ಸಿಗ್ನಲ್ ಎರಡು ತಂತಿಗಳಲ್ಲಿ ಒಂದಕ್ಕೊಂದು ವಿರುದ್ಧವಾಗಿ ಹರಿಯುತ್ತದೆ, ದಾರಿಯಲ್ಲಿ ಸೇರಿದ ಗುಂಯ್ ಸದ್ದು ಮಿಕ್ಸರ್‌ನಲ್ಲಿ ಕಳೆದುಹೋಗುತ್ತದೆ. ವೇದಿಕೆಯಿಂದ ಮಿಕ್ಸರ್ 30 ಮೀಟರ್ ದೂರವಿದ್ದರೂ ತೊಂದರೆಯಿಲ್ಲ. ಸಾದಾ ಗಿಟಾರ್ ಕೇಬಲ್ ಹಾಗಲ್ಲ. ಆರು ಮೀಟರ್ ದಾಟಿದರೆ ಲೈಟಿನವರ ಡಿಮ್ಮರ್, ಎಲ್‌ಇಡಿ ಪಾರ್, ಜನರೇಟರ್ ಎಲ್ಲದರ ಸದ್ದನ್ನೂ ಎಳೆದುಕೊಳ್ಳುತ್ತದೆ.

ಒಯ್ಯಲು ಹಗುರವಾದ ಪ್ರೊಸೆಸರ್‌ಗಳಲ್ಲಿ ಹೆಚ್ಚಿನವುಗಳಿಗೆ ಎಕ್ಸ್‌ಎಲ್‌ಆರ್ ಇರುವುದಿಲ್ಲ. ಅದಕ್ಕೇ ಡಿಐ ಬಾಕ್ಸ್ ಬೇಕು ಎಂದದ್ದು. ಡಿಐ ಬಾಕ್ಸ್ ಎಂದರೆ ಗಿಟಾರ್ ಕೇಬಲಿನ ಸಿಗ್ನಲ್ಲನ್ನು ಮೈಕ್ ಕೇಬಲಿಗೆ ಹೊಂದುವಂತೆ ಬದಲಿಸಿಕೊಡುವ ಅಂಗೈಯಗಲದ ಡಬ್ಬಿ. ಪ್ರೊಸೆಸರ್‌ಗೆ ಪ್ಯಾಸಿವ್ ಡಿಐ ಸಾಕು. ಅದಕ್ಕೆ ಬ್ಯಾಟರಿ ಬೇಡ, ಮಿಕ್ಸರ್‌ನಿಂದ 48 ವೋಲ್ಟ್ ಫ್ಯಾಂಟಮ್ ಪವರ್ ಕೂಡ ಬೇಡ. ಆಕ್ಟಿವ್ ಡಿಐಗೆ ಇವೆರಡರಲ್ಲಿ ಒಂದು ಬೇಕೇ ಬೇಕು. ಸೌಂಡಿನವರು ಫ್ಯಾಂಟಮ್ ಒತ್ತಲು ಮರೆತರೆ ನಿಮ್ಮ ಗಿಟಾರ್ ಮೂಕ. ಕೊಳ್ಳುವಾಗ ಗ್ರೌಂಡ್ ಲಿಫ್ಟ್ ಸ್ವಿಚ್ ಇರುವುದನ್ನೇ ಕೊಳ್ಳಿ. ಗುಂಯ್ ಸದ್ದು ಬಂದಾಗ ಮೊದಲು ಒತ್ತಿ ನೋಡಬೇಕಾದ ಸ್ವಿಚ್ ಅದು.

ಒಂದೇ ಜ್ಯಾಕ್‌ನಲ್ಲಿ ಔಟ್‌ಪುಟ್ ಮತ್ತು ಹೆಡ್‌ಫೋನ್ ಇರುವ ಪ್ರೊಸೆಸರ್ ಬಳಸುವವರು ಈ ಅಪಾಯ ತಿಳಿದಿರಬೇಕು. ಆ ಜ್ಯಾಕ್ ಸ್ಟೀರಿಯೊ. ಅದಕ್ಕೆ ಎರಡು ಕಪ್ಪು ಗೆರೆಯ ಸ್ಟೀರಿಯೊ ಪಿನ್ ಹಾಕಿ ಇನ್ನೊಂದು ತುದಿಯನ್ನು ಮಿಕ್ಸರಿನ ಬ್ಯಾಲೆನ್ಸ್ಡ್ ಇನ್‌ಪುಟ್‌ಗೆ ಕೊಟ್ಟರೆ, ಎಡ ಬಲ ಚಾನೆಲ್‌ಗಳನ್ನು ಮಿಕ್ಸರ್ ಒಂದರಿಂದ ಇನ್ನೊಂದನ್ನು ಕಳೆದು ಓದುತ್ತದೆ. ಎರಡರಲ್ಲೂ ಸಮನಾಗಿರುವುದು, ಅಂದರೆ ನಿಮ್ಮ ಗಿಟಾರಿನ ತಿರುಳೇ, ಮಾಯವಾಗುತ್ತದೆ. ಉಳಿಯುವುದು ತೆಳ್ಳಗಿನ ರಿವರ್ಬ್ ಮಾತ್ರ. "ಗಿಟಾರ್ ದೂರದಾಗ ಕೇಳಸಾಕತ್ತೈತಿ" ಎಂದು ಸೌಂಡಿನವರು ಗೇನ್ (ಒಳಬರುವ ದನಿಯ ಮಟ್ಟ) ಏರಿಸುತ್ತ ಹೋಗುತ್ತಾರೆ, ಸರಿಯಾಗುವುದಿಲ್ಲ. ಒಂದೇ ಕಪ್ಪು ಗೆರೆಯ ಸಾದಾ ಗಿಟಾರ್ ಕೇಬಲ್ಲನ್ನೇ ಪ್ರೊಸೆಸರ್‌ನಿಂದ ಡಿಐಗೆ ಕೊಡಿ.

ಎರಡು ಜ್ಯಾಕ್ ಇರುವವರಿಗೂ ಒಂದು ಎಚ್ಚರಿಕೆ ಇದೆ. ನಮ್ಮ ಪೆಂಡಾಲುಗಳ ಸೌಂಡ್ ಸಾಮಾನ್ಯವಾಗಿ ಮೋನೋ. ಎಲ್/ಮೋನೋದಲ್ಲಿ ಮಾತ್ರ ಕೇಬಲ್ ಹಾಕಿ, ಆರ್ ಖಾಲಿ ಬಿಡಿ. ಆಗ ಪ್ರೊಸೆಸರ್ ತಾನೇ ಎರಡನ್ನೂ ಕೂಡಿಸಿ ಕಳಿಸುತ್ತದೆ. ಆರ್‌ನಲ್ಲೂ ಕೇಬಲ್ ಸಿಕ್ಕಿಸಿ ಅದನ್ನು ಎಲ್ಲಿಗೂ ಕೊಡದೆ ಬಿಟ್ಟರೆ ಎಡ ಬಲ ಪುಟಿಯುವ ಪಿಂಗ್-ಪಾಂಗ್ ಡಿಲೇಯ ಅರ್ಧ ಕಳೆದುಹೋಗುತ್ತದೆ.

ಹಂತ 4: ಪವರ್ ಲೆಕ್ಕ ಹಾಕಿ

ಪ್ರತಿ ಪ್ರೊಸೆಸರ್‌ನ ಅಡಾಪ್ಟರ್ ಮೇಲೆ ನಾಲ್ಕು ಸಂಗತಿ ಅಚ್ಚಾಗಿರುತ್ತವೆ. ಇನ್‌ಪುಟ್ ವೋಲ್ಟೇಜ್, ಔಟ್‌ಪುಟ್ ವೋಲ್ಟೇಜ್, ಎಷ್ಟು ಆಂಪ್ (ಆಂಪಿಯರ್) ಕರೆಂಟು ಕೊಡಬಲ್ಲದು, ಪಿನ್ನಿನ ಧ್ರುವ.

ಇನ್‌ಪುಟ್ 100–240 ವೋಲ್ಟ್ ಎಂದಿರಬೇಕು. ವಿದೇಶದಿಂದ ತರಿಸಿದ ಕೆಲವು ಅಡಾಪ್ಟರ್‌ಗಳು 120 ವೋಲ್ಟಿನವು. ನಮ್ಮ 230 ವೋಲ್ಟಿಗೆ ಸಿಕ್ಕಿಸಿದ ಕೂಡಲೇ ಸುಡುತ್ತವೆ. ಔಟ್‌ಪುಟ್ ಹೆಚ್ಚಿನವಕ್ಕೆ 9 ವೋಲ್ಟ್ ಡಿಸಿ. ಹಳೆಯ ಕೆಲವು ಮಾಡೆಲ್‌ಗಳು 9 ವೋಲ್ಟ್ ಎಸಿ ಬಯಸುತ್ತಿದ್ದವು, ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಈ ಒಂದಕ್ಷರವನ್ನು ಕಣ್ಣಿಟ್ಟು ಓದಿ. ಗಿಟಾರ್ ಪೆಡಲ್‌ಗಳಲ್ಲಿ ನಡುವಿನ ತೂತು ಋಣ, ಹೊರಗಿನ ಸುತ್ತು ಧನ ಎನ್ನುವುದು ರೂಢಿ. ವೈಫೈ ರೂಟರ್, ಸೆಟ್‌ಟಾಪ್ ಬಾಕ್ಸ್ ಅಡಾಪ್ಟರ್‌ಗಳಲ್ಲಿ ಇದು ಸಾಮಾನ್ಯವಾಗಿ ತಿರುಗುಮುರುಗು. "ಪಿನ್ ಕೂತಿತು" ಎಂದು ಮನೆಯ ರೂಟರಿನದ್ದನ್ನು ಹಾಕಿ ಪ್ರೊಸೆಸರ್ ಕಳೆದುಕೊಳ್ಳಬೇಡಿ. ಪಿನ್ನಿನ ಅಳತೆಯಲ್ಲೂ 2.1 ಮತ್ತು 2.5 ಮಿಲಿಮೀಟರ್ ಎಂದು ಎರಡಿವೆ. ದೊಡ್ಡದನ್ನು ಸಣ್ಣದರ ಮೇಲೆ ಹಾಕಿದರೆ ಸಡಿಲವಾಗಿ ಕೂತು, ಪಕ್ಕದಲ್ಲಿ ಯಾರಾದರೂ ಹೆಜ್ಜೆ ಹಾಕಿದರೂ ಆಫ್ ಆಗುತ್ತದೆ.

ಇನ್ನು ಕರೆಂಟಿನ ಆಂಪ್. ಹಂತ 7ರಲ್ಲಿ ಬರುವ ಮಾಡೆಲ್‌ಗಳನ್ನೇ ನೋಡಿ. ಬಾಸ್ ಜಿಟಿ-1 ಸುಮಾರು 200 ಮಿಲಿಆಂಪ್ ತೆಗೆದುಕೊಳ್ಳುತ್ತದೆ. ಝೂಮ್ ಜಿ1 ಫೋರ್‌ಗೆ 500 ಮಿಲಿಆಂಪಿನ ಅಡಾಪ್ಟರ್ ಸಾಕು. ಲೈನ್ 6 ಎಚ್‌ಎಕ್ಸ್ ಸ್ಟಾಂಪ್ ಮತ್ತು ಪಾಡ್ ಗೋ ಜೊತೆ ಬರುವ ಅಡಾಪ್ಟರ್ 3 ಆಂಪಿನದು, ಅಂದರೆ 3000 ಮಿಲಿಆಂಪ್. ಹೆಚ್ಚು ಆಂಪ್ ಕೊಡಬಲ್ಲ ಅಡಾಪ್ಟರ್ ಹಾಕಿದರೆ ಏನೂ ಆಗುವುದಿಲ್ಲ, ಯಂತ್ರ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಕಡಿಮೆಯದನ್ನು ಹಾಕಿದರೆ ಆನ್ ಆಗಬಹುದು, ಆದರೆ ದೊಡ್ಡ ಪ್ಯಾಚ್ ಬಂದಾಗ ರೀಸ್ಟಾರ್ಟ್ ಆಗುತ್ತದೆ. ಸಣ್ಣ ಪೆಡಲ್‌ಗಳಿಗೆ ಬಳಸುವ ಒಂದು ಅಡಾಪ್ಟರ್, ಐದು ಕವಲಿನ ತಂತಿಯಿಂದ ಎಚ್‌ಎಕ್ಸ್ ಸ್ಟಾಂಪ್ ನಡೆಸಲು ಹೋಗುವುದು ಇದೇ ಕಾರಣಕ್ಕೆ ಫಲಿಸುವುದಿಲ್ಲ.

ನಮ್ಮ ಕಡೆ ಬ್ಯಾಟರಿಯಲ್ಲಿ ನಡೆಯುವುದು ದೊಡ್ಡ ಗುಣ. ಜಿಟಿ-1, ಜಿ1 ಫೋರ್ ಎರಡೂ ನಾಲ್ಕು ಎಎ ಸೆಲ್‌ಗಳ ಮೇಲೆ ನಡೆಯುತ್ತವೆ. ಆಲ್ಕಲೈನ್ ಸೆಲ್ ಹಾಕಿದರೆ ಜಿಟಿ-1 ಸುಮಾರು ಏಳು ತಾಸು ಬರುತ್ತದೆ, ಜಿ1 ಫೋರ್ ಅದಕ್ಕಿಂತ ಬಹಳ ಹೆಚ್ಚು. ಸೆಲ್ ಒಳಗಿದ್ದು ಅಡಾಪ್ಟರ್ ಕೂಡ ಹಾಕಿದ್ದರೆ ಕರೆಂಟು ಹೋದಾಗ ಪ್ರೊಸೆಸರ್ ಸೆಲ್ಲಿಗೆ ಹೊರಳುತ್ತದೆಯೇ, ಇಲ್ಲ ರೀಸ್ಟಾರ್ಟ್ ಆಗುತ್ತದೆಯೇ ಎಂಬುದನ್ನು ಮನೆಯಲ್ಲೇ ಪಿನ್ ಎಳೆದು ನೋಡಿ. ಗೋಡೆ ಗಡಿಯಾರಕ್ಕೆ ಹಾಕುವ ಅಗ್ಗದ ಜಿಂಕ್ ಕಾರ್ಬನ್ ಸೆಲ್ ಇದಕ್ಕೆ ಬೇಡ, ಬೇಗ ಸೋಲುತ್ತವೆ. ಕಾರ್ಯಕ್ರಮವಿಲ್ಲದ ತಿಂಗಳುಗಳಲ್ಲಿ ಸೆಲ್ ತೆಗೆದಿಡಿ. ಸೋರಿದರೆ ಒಳಗಿನ ಸ್ಪ್ರಿಂಗ್ ಹಸಿರುಗಟ್ಟುತ್ತದೆ.

ಪವರ್‌ಬ್ಯಾಂಕ್‌ನಿಂದ ನಡೆಸಬಹುದೇ ಎಂದು ಕೇಳುವವರು ಬಹಳ. ಜಿ1 ಫೋರ್ ಯುಎಸ್‌ಬಿ ಮೂಲಕ ನೇರವಾಗಿ ನಡೆಯುತ್ತದೆ. 9 ವೋಲ್ಟ್ ಬೇಡುವವಕ್ಕೆ 5 ವೋಲ್ಟನ್ನು 9ಕ್ಕೆ ಏರಿಸುವ ಕೇಬಲ್ ಬೇಕು. ಲೆಕ್ಕ ಹೀಗೆ: 10,000 ಮಿಲಿಆಂಪ್-ಅವರ್ ಎಂಬುದು ಒಳಗಿನ 3.7 ವೋಲ್ಟ್ ಸೆಲ್ಲಿನ ಲೆಕ್ಕ, ಅಂದರೆ 37 ವ್ಯಾಟ್-ಅವರ್. ವೋಲ್ಟ್ ಏರಿಸುವಲ್ಲಿ ಐದರಲ್ಲಿ ಒಂದು ಪಾಲು ಹೋಯಿತೆಂದರೆ ಉಳಿಯುವುದು ಸುಮಾರು 30. ನಿಮ್ಮ ಪ್ರೊಸೆಸರ್ 9 ವೋಲ್ಟಿನಲ್ಲಿ 500 ಮಿಲಿಆಂಪ್ ಎಳೆದರೆ 4.5 ವ್ಯಾಟ್. ಆರೂವರೆ ತಾಸು ಬರುತ್ತದೆ, ಒಂದು ರಾತ್ರಿಗೆ ಸಾಕು. 3 ಆಂಪಿನ ಅಡಾಪ್ಟರ್ ಬೇಡುವ ಯಂತ್ರಕ್ಕೆ ಈ ದಾರಿ ಬೇಡ. 5 ವೋಲ್ಟ್ 2 ಆಂಪಿನ ಪವರ್‌ಬ್ಯಾಂಕ್ 9 ವೋಲ್ಟಿಗೆ ಏರಿದ ಮೇಲೆ ಒಂದು ಆಂಪನ್ನೂ ಕೊಡಲಾರದು. ಇನ್ನೊಂದು ಮೋಸವೂ ಇದೆ. ತೀರ ಕಡಿಮೆ ಕರೆಂಟು ಎಳೆಯುವ ಪ್ರೊಸೆಸರ್ ಸಿಕ್ಕಿಸಿದರೆ, ಫೋನ್ ಚಾರ್ಜ್ ಮುಗಿಯಿತೆಂದು ತಿಳಿದು ಕೆಲವು ಪವರ್‌ಬ್ಯಾಂಕ್‌ಗಳು ತಾವೇ ಆಫ್ ಆಗುತ್ತವೆ. ಮನೆಯಲ್ಲಿ ಎರಡು ತಾಸು ಓಡಿಸಿ ನೋಡಿದ ಮೇಲೆಯೇ ವೇದಿಕೆಗೆ ಒಯ್ಯಿರಿ.

ಹಂತ 5: ಫೂಟ್‌ಸ್ವಿಚ್ ಎಣಿಸಿ, ಕಾಲಿಟ್ಟು ನೋಡಿ

ಎರಡು ಅಥವಾ ಮೂರು ಸ್ವಿಚ್ಚಿನ ಪ್ರೊಸೆಸರ್‌ನಲ್ಲಿ ಪ್ಯಾಚ್ ಬದಲಿಸಲು ಮೇಲೆ, ಕೆಳಗೆ ಎಂದು ಒತ್ತುತ್ತ ಹೋಗಬೇಕು. ಮೂರನೇ ಪ್ಯಾಚ್‌ನಿಂದ ಏಳನೆಯದಕ್ಕೆ ಹೋಗಲು ನಾಲ್ಕು ಸಲ ಒತ್ತಬೇಕು, ನಡುವಿನ ಮೂರು ಟೋನ್‌ಗಳೂ ಒಂದೊಂದು ಕ್ಷಣ ಕೇಳಿಸಿ ಹೋಗುತ್ತವೆ. ಹಾಡಿನ ಕ್ರಮದಲ್ಲೇ ಪ್ಯಾಚ್ ಜೋಡಿಸಿಕೊಂಡರೆ ತೊಂದರೆಯಿಲ್ಲ. ಆದರೆ ಆರ್ಕೆಸ್ಟ್ರಾದಲ್ಲಿ ಕ್ರಮ ಉಳಿಯುವುದಿಲ್ಲ. ಜನ ಕೂಗಿದ ಹಾಡೇ ಮುಂದಿನ ಹಾಡು. ಹಾಗಾಗಿ ಸಣ್ಣ ಪ್ರೊಸೆಸರ್ ಇರುವವರು ಪ್ಯಾಚ್‌ಗಳನ್ನು ಹಾಡಿನ ಹೆಸರಿನಲ್ಲಿ ಕಟ್ಟದೆ ಟೋನ್ ಹೆಸರಿನಲ್ಲಿ ಕಟ್ಟಿ: 1 ಕ್ಲೀನ್, 2 ಕೋರಸ್, 3 ಅರೆ ಡ್ರೈವ್, 4 ಲೀಡ್. ಹೆಚ್ಚು ಬಳಸುವ ಎರಡು ಪಕ್ಕಪಕ್ಕದಲ್ಲಿರಲಿ.

ಒಂದು ಪ್ಯಾಚಿನಿಂದ ಇನ್ನೊಂದಕ್ಕೆ ಹೋಗುವಾಗ ಎಷ್ಟೋ ಪ್ರೊಸೆಸರ್‌ಗಳಲ್ಲಿ ಸದ್ದು ಒಂದು ಚಣ ಕಡಿಯುತ್ತದೆ. ರಿದಮ್‌ನಿಂದ ಲೀಡಿಗೆ ಹಾರುವ ಜಾಗದಲ್ಲಿ ಈ ಕಡಿತ ಎದ್ದು ಕಾಣುತ್ತದೆ. ತಪ್ಪಿಸುವ ದಾರಿ ಒಂದೇ ಪ್ಯಾಚಿನೊಳಗೆ ಎಲ್ಲ ಎಫೆಕ್ಟ್ ಇಟ್ಟು, ಬೇಕಾದ್ದನ್ನು ಸ್ವಿಚ್ಚಿನಿಂದ ಆನ್ ಆಫ್ ಮಾಡುವುದು. ಕೆಲವು ಯಂತ್ರಗಳಲ್ಲಿ ಒಂದೇ ಒತ್ತಿಗೆ ನಾಲ್ಕಾರು ಎಫೆಕ್ಟ್ ಒಟ್ಟಿಗೆ ಬದಲಾಗುವ ಸೌಲಭ್ಯವಿದೆ. ಲೈನ್ 6ನವರು ಅದನ್ನು ಸ್ನ್ಯಾಪ್‌ಶಾಟ್ ಎನ್ನುತ್ತಾರೆ, ಇತರರು ಸೀನ್ ಎನ್ನುತ್ತಾರೆ. ಲೀಡ್ ಹೆಚ್ಚು ನುಡಿಸುವವರಿಗೆ ಪ್ರೊಸೆಸರ್ ನಕಲು ಮಾಡುವ ನೂರು ಗಿಟಾರ್ ಆಂಪ್‌ಗಳಿಗಿಂತ ಈ ಒಂದು ಸೌಲಭ್ಯ ಹೆಚ್ಚಿನದು.

ಸ್ವಿಚ್ಚುಗಳ ನಡುವಿನ ಅಂತರವನ್ನು ನೀವು ವೇದಿಕೆಗೆ ಹಾಕುವ ಬೂಟು ಹಾಕಿಕೊಂಡೇ ನೋಡಿ. ಬರಿಗಾಲಲ್ಲಿ ಸರಿಯಾಗಿದ್ದದ್ದು ಬೂಟಿನಲ್ಲಿ ಎರಡು ಒಟ್ಟಿಗೆ ಒತ್ತಿಹೋಗುತ್ತದೆ. ಎರಡು ಸ್ವಿಚ್ ಒಟ್ಟಿಗೆ ಒತ್ತಿದರೆ ಟ್ಯೂನರ್ ತೆರೆಯುವ ಯಂತ್ರಗಳಿವೆ, ಆಗ ಗಿಟಾರ್ ಪೂರ್ತಿ ಮ್ಯೂಟ್. ಎಕ್ಸ್‌ಪ್ರೆಶನ್ ಪೆಡಲ್, ಅಂದರೆ ಪಾದದಿಂದ ವಾ ಅಥವಾ ವಾಲ್ಯೂಮ್ ಏರಿಸಿ ಇಳಿಸುವ ಹಲಗೆ, ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಹೊರಗಿನಿಂದ ಜೋಡಿಸಲು ಜ್ಯಾಕ್ ಇದೆಯೇ ನೋಡಿ.

ಹಂತ 6: ಕ್ಯಾಬ್ ಸಿಮ್ಯುಲೇಶನ್ ಅರ್ಥಮಾಡಿಕೊಳ್ಳಿ

ಗಿಟಾರ್ ಆಂಪಿನ ಸ್ಪೀಕರ್ ಪೆಟ್ಟಿಗೆ ತೀರ ಮೇಲಿನ ದನಿಗಳನ್ನು ತಡೆದು ಮೆತ್ತಗೆ ಮಾಡುತ್ತದೆ. ಪಿಎ ಸ್ಪೀಕರ್, ಅಂದರೆ ಪೆಂಡಾಲಿನ ಟಾಪ್‌ಗಳು, ಏನನ್ನೂ ತಡೆಯುವುದಿಲ್ಲ. ಆ ಪೆಟ್ಟಿಗೆಯ ಕೆಲಸವನ್ನು ಪ್ರೊಸೆಸರ್ ಒಳಗೇ ಮಾಡುವುದು ಕ್ಯಾಬ್ ಸಿಮ್ಯುಲೇಶನ್. ನಿಜವಾದ ಸ್ಪೀಕರ್ ಪೆಟ್ಟಿಗೆಯ ಮುಂದೆ ಮೈಕ್ ಇಟ್ಟು ಅಳೆದು ಮಾಡಿದ ಫೈಲ್‌ಗೆ ಐಆರ್ ಎನ್ನುತ್ತಾರೆ. ಡಬ್ಲ್ಯೂಎವಿ ಫೈಲ್ ರೂಪದಲ್ಲಿ ಸಿಗುತ್ತದೆ, ಒಪ್ಪುವ ಯಂತ್ರಕ್ಕೆ ಕಂಪ್ಯೂಟರ್ ಅಥವಾ ಫೋನಿನಿಂದ ತುಂಬಬಹುದು.

ನಿಯಮ ಇಷ್ಟೇ: ಮಿಕ್ಸರ್‌ಗೆ ಹೋದರೆ ಕ್ಯಾಬ್ ಆನ್, ಗಿಟಾರ್ ಆಂಪಿಗೆ ಹೋದರೆ ಕ್ಯಾಬ್ ಆಫ್. ಆಫ್ ಮಾಡಿ ಡಿಸ್ಟಾರ್ಶನ್ ಒತ್ತಿ ಮಿಕ್ಸರ್‌ಗೆ ಕೊಟ್ಟರೆ ಡಬ್ಬಿಯೊಳಗೆ ಹೆಜ್ಜೇನು ಕೂಡಿಹಾಕಿದ ಸದ್ದು ಬರುತ್ತದೆ. ಆನ್ ಮಾಡಿ ಆಂಪಿಗೆ ಕೊಟ್ಟರೆ ಕಂಬಳಿ ಹೊದಿಸಿದಷ್ಟು ಮಂಕು. ಅಂಗಡಿಯಲ್ಲಿ ಆಂಪಿಗೆ ಸಿಕ್ಕಿಸಿ ಕೇಳಿ "ಈ ಪ್ರೊಸೆಸರ್ ಚಲೋ ಇಲ್ಲ" ಎಂದು ತಿರಸ್ಕರಿಸಿದವರಲ್ಲಿ ಎಷ್ಟೋ ಜನ ಈ ಒಂದು ಸೆಟ್ಟಿಂಗ್ ನೋಡಿರುವುದಿಲ್ಲ.

ಮಿಕ್ಸರ್‌ಗೆ ಹೋಗುವ ಪ್ರತಿ ಪ್ಯಾಚಿನಲ್ಲೂ ಲೋ ಕಟ್ (ಕೆಳಗಿನ ದನಿ ಕತ್ತರಿಸುವುದು) ಅನ್ನು 80ರಿಂದ 100 ಹರ್ಟ್ಸ್‌ಗೆ, ಹೈ ಕಟ್ (ಮೇಲಿನ ದನಿ ಕತ್ತರಿಸುವುದು) ಅನ್ನು 6ರಿಂದ 8 ಕಿಲೋಹರ್ಟ್ಸ್‌ಗೆ ಇಡಿ. ಕೆಳಗಿನ ಜಾಗ ಬೇಸ್ ಗಿಟಾರ್, ಕಿಕ್, ಢೋಲಕ್‌ಗಳದು. ಗಿಟಾರ್ ಅಲ್ಲಿ ಸೇರಿದರೆ ಎಲ್ಲವೂ ಕಲಸುಮೇಲೋಗರ.

ಹಂತ 7: ಮಾಡೆಲ್‌ಗಳಿಗೆ ಬನ್ನಿ

ಮೇಲಿನ ಆರು ಹಂತಗಳ ಉತ್ತರ ಕೈಯಲ್ಲಿದ್ದರೆ ಆಯ್ಕೆ ತಾನಾಗಿ ಕಿರಿದಾಗುತ್ತದೆ. ಬಸ್ಸಿನಲ್ಲಿ ಓಡಾಡುವ, ಬ್ಯಾಟರಿ ಬೇಕೆನ್ನುವ, ಐದಾರು ಟೋನ್ ಸಾಕೆನ್ನುವವರಿಗೆ ಬಾಸ್ ಜಿಟಿ-1 ಇವತ್ತಿಗೂ ಗಟ್ಟಿ ಆಯ್ಕೆ. ಬ್ಯಾಟರಿ ಸೇರಿ ಸುಮಾರು 1.3 ಕಿಲೊ, ಮೂರು ಸ್ವಿಚ್, ಒಂದು ಎಕ್ಸ್‌ಪ್ರೆಶನ್ ಪೆಡಲ್. ಹೊರಗಿನ ಐಆರ್ ತುಂಬಲು ಬರುವುದಿಲ್ಲ, ಎಕ್ಸ್‌ಎಲ್‌ಆರ್ ಇಲ್ಲ. ಡಿಐ ಜೊತೆಗಿದ್ದರೆ ಎಕ್ಸ್‌ಎಲ್‌ಆರ್ ಇಲ್ಲದ್ದು ದೊಡ್ಡ ಕೊರತೆಯಲ್ಲ. ಝೂಮ್ ಜಿ1 ಫೋರ್ ಅದಕ್ಕಿಂತ ಹಗುರ, ಒಮ್ಮೆಗೆ ಐದು ಎಫೆಕ್ಟ್. ಎಕ್ಸ್‌ಪ್ರೆಶನ್ ಪೆಡಲ್ ಬೇಕಾದವರು ಜಿ1ಎಕ್ಸ್ ಫೋರ್ ನೋಡಿ. ಒಂದೇ ಜ್ಯಾಕಿನ ಬಗ್ಗೆ ಹಂತ 3ರಲ್ಲಿ ಹೇಳಿದ್ದು ಝೂಮ್‌ನ ಇವೆರಡಕ್ಕೂ ಅನ್ವಯಿಸುತ್ತದೆ.

ಒಂದೇ ಹಾಡಿನಲ್ಲಿ ಹಲವು ಸಲ ಟೋನ್ ಬದಲಿಸುವ ಲೀಡ್ ವಾದಕರಿಗೆ ಎಂಟು ಸ್ವಿಚ್ಚಿನ ಲೈನ್ 6 ಪಾಡ್ ಗೋ ಚೆನ್ನಾಗಿ ಹೊಂದುತ್ತದೆ. ಐಆರ್ ತುಂಬಬಹುದು, ಸ್ನ್ಯಾಪ್‌ಶಾಟ್ ಇದೆ. ಬ್ಯಾಟರಿಯಲ್ಲಿ ನಡೆಯುವುದಿಲ್ಲ ಎಂಬುದೇ ಅದರ ಮುಖ್ಯ ಕೊರತೆ. ಎಚ್‌ಎಕ್ಸ್ ಸ್ಟಾಂಪ್ ಇನ್ನೂ ಸಣ್ಣ ಗಾತ್ರ, ಟೋನ್ ಅದ್ಭುತ, ಆದರೆ ಮೂರೇ ಸ್ವಿಚ್. ಹೊರಗಿನಿಂದ ಸ್ವಿಚ್ ಜೋಡಿಸದೆ ಆರ್ಕೆಸ್ಟ್ರಾಕ್ಕೆ ಸಾಲದು. ಗುಂಡಿ ತಿರುಗಿಸಿ ಅಲ್ಲೇ ಟೋನ್ ಸರಿಪಡಿಸುವುದು ರೂಢಿಯಾದವರಿಗೆ ಬಾಸ್ ಎಂಇ ಸರಣಿ ಸಲೀಸು. ಎಂಇ-80 ಆರು ಎಎ ಸೆಲ್‌ಗಳಲ್ಲೂ ನಡೆಯುತ್ತದೆ, ಆದರೆ ಭಾರ. ಹೋಟೋನ್, ವ್ಯಾಲಿಟನ್, ನಕ್ಸ್, ಮೂಯರ್ ಮುಂತಾದವು ಕಡಿಮೆ ಬೆಲೆಗೆ ಐಆರ್ ಸೌಲಭ್ಯ ಕೊಡುತ್ತವೆ. ಅವನ್ನು ಕೊಳ್ಳುವಾಗ ರಿಪೇರಿಗೆ ಎಲ್ಲಿಗೆ ಕಳಿಸಬೇಕು ಎಂದು ಅಂಗಡಿಯವರಿಂದ ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ.

ಹಂತ 8: ಅಂಗಡಿಯಲ್ಲಿ ಅರ್ಧ ತಾಸು

ನಿಮ್ಮದೇ ಗಿಟಾರ್, ನಿಮ್ಮದೇ ಕೇಬಲ್ ಒಯ್ಯಿರಿ. ಹೆಡ್‌ಫೋನಿನಲ್ಲಿ ಕೇಳಿ ತೀರ್ಮಾನಿಸಬೇಡಿ. ಮಿಕ್ಸರ್ ಮತ್ತು ಪವರ್ಡ್ ಸ್ಪೀಕರ್‌ಗೆ ಕೊಟ್ಟು ಕೇಳಿಸಲು ಹೇಳಿ. ಆಮೇಲೆ ಈ ಪರೀಕ್ಷೆಗಳನ್ನು ಮಾಡಿ.

ಒಂದು ಕಾರ್ಡ್ ಹಿಡಿದು ಮೀಟಿ, ಅದು ಮೊಳಗುತ್ತಿರುವಾಗಲೇ ಪ್ಯಾಚ್ ಬದಲಿಸಿ. ಸದ್ದು ಎಷ್ಟು ಕಡಿಯಿತು, ಡಿಲೇಯ ಬಾಲ ಉಳಿಯಿತೇ, ಕತ್ತರಿಸಿತೇ ಕೇಳಿ. ಬಳಿಕ ಅಡಾಪ್ಟರ್ ಪಿನ್ ಎಳೆದು ಮತ್ತೆ ಹಾಕಿ, ದನಿ ಬರಲು ಎಷ್ಟು ಸೆಕೆಂಡು ಬೇಕಾಯಿತು ಎಣಿಸಿ; ಜನರೇಟರ್ ಬದಲಾಗುವಾಗ ನೀವು ಅಷ್ಟು ಹೊತ್ತು ಸುಮ್ಮನೆ ನಿಲ್ಲಬೇಕಾಗುತ್ತದೆ. ಪ್ರತಿ ಜ್ಯಾಕಿನಲ್ಲೂ ಪಿನ್ ಹಾಕಿ ಮೆಲ್ಲಗೆ ಅಲ್ಲಾಡಿಸಿ, ಚರಚರ ಎಂದರೆ ಆ ಪೀಸ್ ಬೇಡ. ಎಕ್ಸ್‌ಪ್ರೆಶನ್ ಪೆಡಲನ್ನು ವಾಲ್ಯೂಮ್‌ಗೆ ಹೊಂದಿಸಿ ಹಿಮ್ಮಡಿ ಕಡೆಗೆ ಪೂರ್ತಿ ಒತ್ತಿದಾಗ ಸದ್ದು ಸೊನ್ನೆಯಾಗಬೇಕು. ಆಗದಿದ್ದರೆ ಕ್ಯಾಲಿಬ್ರೇಶನ್ ಮಾಡಿಸಿ ಮತ್ತೆ ನೋಡಿ.

ಕೊನೆಗೆ ಪ್ರೊಸೆಸರ್ ಆನ್ ಮಾಡಿಯೇ ಅಂಗಡಿಯ ಬಾಗಿಲಿನ ಬಿಸಿಲಿಗೆ ತನ್ನಿ. ಸಿದ್ಧೇಶ್ವರ ಜಾತ್ರೆಯ ಹಗಲಿನ ಕಾರ್ಯಕ್ರಮ, ರಾಜ್ಯೋತ್ಸವದ ತೆರೆದ ವಾಹನ, ಇಂಥಲ್ಲಿ ಸ್ಕ್ರೀನ್ ಓದಲು ಬಾರದಿದ್ದರೆ ನಿಮಗೆ ಯಾವ ಪ್ಯಾಚಿನಲ್ಲಿದ್ದೀರಿ ಎಂಬುದೇ ತಿಳಿಯುವುದಿಲ್ಲ. ದೊಡ್ಡ ಅಂಕಿ ತೋರಿಸುವ ಹಳೆಯ ಬಗೆಯ ಡಿಸ್‌ಪ್ಲೇ ಬಣ್ಣದ ಟಚ್ ಸ್ಕ್ರೀನಿಗಿಂತ ಬಿಸಿಲಲ್ಲಿ ಎಷ್ಟೋ ಸಲ ಮೇಲು.

ಸೆಕೆಂಡ್ ಹ್ಯಾಂಡ್ ಆದರೆ ಇವೆಲ್ಲದರ ಜೊತೆ ಪ್ರತಿ ಫೂಟ್‌ಸ್ವಿಚ್ಚನ್ನೂ ಇಪ್ಪತ್ತು ಸಲ ಒತ್ತಿ. ಒಂದು ಒತ್ತಿಗೆ ಎರಡು ಸಲ ಬದಲಾದರೆ ಸ್ವಿಚ್ ಸವೆದಿದೆ ಎಂದರ್ಥ. ಸ್ವಿಚ್, ಜ್ಯಾಕ್ ಬದಲಿಸುವುದು ಊರಿನ ಎಲೆಕ್ಟ್ರಾನಿಕ್ಸ್ ರಿಪೇರಿಯವರಿಂದಲೂ ಆಗುತ್ತದೆ. ಸ್ಕ್ರೀನ್ ಅಥವಾ ಮುಖ್ಯ ಬೋರ್ಡ್ ಕೆಟ್ಟಿದ್ದರೆ ಬಿಟ್ಟುಬಿಡಿ. ಮೂಲ ಅಡಾಪ್ಟರ್ ಇಲ್ಲದಿದ್ದರೆ ಅದರ ಬೆಲೆಯನ್ನು ಚೌಕಾಸಿಯಲ್ಲಿ ಕಳೆಯಿರಿ.

ಹಂತ 9: ಪ್ಯಾಚ್‌ಗಳನ್ನು ಜೋರು ದನಿಯಲ್ಲಿ ಕಟ್ಟಿ

ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಕಟ್ಟಿದ ಟೋನ್ ವೇದಿಕೆಯಲ್ಲಿ ಕೆಡುವುದೇಕೆ? ಮೆಲುದನಿಯಲ್ಲಿ ನಮ್ಮ ಕಿವಿಗೆ ಬೇಸ್ ಮತ್ತು ಟ್ರೆಬಲ್ ಕಡಿಮೆ ಕೇಳಿಸುತ್ತದೆ, ಹಾಗಾಗಿ ಎರಡನ್ನೂ ಏರಿಸಿಬಿಡುತ್ತೇವೆ. ಜೋರು ಮಾಡಿದಾಗ ಅವೇ ಎದ್ದು ನಿಂತು ಗಿಟಾರ್ ಗುಡುಗುತ್ತದೆ, ಚುಚ್ಚುತ್ತದೆ. ತಾಲೀಮಿನ ಜಾಗದಲ್ಲಿ, ಕೀಬೋರ್ಡ್ ಮತ್ತು ಪ್ಯಾಡ್ ಜೊತೆಗೆ, ಕಾರ್ಯಕ್ರಮದ ಜೋರಿನಲ್ಲೇ ಪ್ಯಾಚ್ ಕಟ್ಟಿ.

ಎಲ್ಲ ಪ್ಯಾಚ್‌ಗಳ ದನಿಮಟ್ಟ ಸಮ ಮಾಡುವುದು ಮುಖ್ಯ ಕೆಲಸ. ಮಿಕ್ಸರಿನ ಮೀಟರ್ ನೋಡುತ್ತ ಕ್ಲೀನ್ ರಿದಮ್ ಎಲ್ಲಿಗೆ ಮುಟ್ಟುತ್ತದೋ ಡ್ರೈವ್ ಕೂಡ ಅಲ್ಲಿಗೇ ಮುಟ್ಟುವಂತೆ ಪ್ಯಾಚ್ ಲೆವೆಲ್ ಹೊಂದಿಸಿ. ಲೀಡ್ ಮಾತ್ರ 3ರಿಂದ 4 ಡೆಸಿಬಲ್ ಮೇಲಿರಲಿ. ಈ ಬೂಸ್ಟ್ ಆಂಪ್ ಬ್ಲಾಕಿನ, ಅಂದರೆ ಪ್ಯಾಚಿನೊಳಗಿನ ನಕಲು ಗಿಟಾರ್ ಆಂಪಿನ, ನಂತರ ಬರಬೇಕು. ಮುಂಚೆ ಇಟ್ಟರೆ ಡಿಸ್ಟಾರ್ಶನ್ ಹೆಚ್ಚುತ್ತದೆಯೇ ಹೊರತು ದನಿ ಏರುವುದಿಲ್ಲ. ಲೀಡ್ ಕೇಳಿಸದಿದ್ದರೆ ಗೇನ್ ಏರಿಸುವ ಬದಲು ತಗ್ಗಿಸಿ, 1 ಕಿಲೋಹರ್ಟ್ಸ್ ಆಸುಪಾಸಿನ ಮಿಡ್ ಸ್ವಲ್ಪ ಏರಿಸಿ.

ಡಿಲೇ ಸಮಯಕ್ಕೆ ಲೆಕ್ಕವಿದೆ. 60,000ವನ್ನು ಹಾಡಿನ ಬಿಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಬೀಟ್ ಎಂಬ ಸಂಖ್ಯೆಯಿಂದ ಭಾಗಿಸಿ. 120 ಬಿಪಿಎಂ ಹಾಡಿಗೆ 500 ಮಿಲಿಸೆಕೆಂಡ್. ಡಾಟೆಡ್ ಡಿಲೇ ಬೇಕಾದರೆ ಅದರ ಮುಕ್ಕಾಲು, 375. ಟ್ಯಾಪ್ ಟೆಂಪೋ ಸ್ವಿಚ್ ಇದ್ದರೆ ಕಾಲಲ್ಲಿ ತಾಳ ಹಾಕಿದರೆ ಸಾಕು. ರಿವರ್ಬ್ ಅನ್ನು ಮನೆಯಲ್ಲಿ ಇಷ್ಟವಾದುದರ ಅರ್ಧಕ್ಕೆ ಇಳಿಸಿ, ಕಲ್ಯಾಣಮಂಟಪದ ಗೋಡೆಗಳೇ ಉಳಿದರ್ಧ ಕೊಡುತ್ತವೆ.

ಪ್ಯಾಚ್ ಕಟ್ಟಿ ಮುಗಿದ ದಿನವೇ ಯುಎಸ್‌ಬಿಯಿಂದ ಕಂಪ್ಯೂಟರ್‌ಗೆ ಬ್ಯಾಕಪ್ ತೆಗೆದು, ಒಂದು ಪ್ರತಿಯನ್ನು ಫೋನಿನಲ್ಲೂ ಇಡಿ. ಫರ್ಮ್‌ವೇರ್ ಅಪ್‌ಡೇಟ್, ಅಂದರೆ ಯಂತ್ರದೊಳಗಿನ ತಂತ್ರಾಂಶದ ಹೊಸ ಆವೃತ್ತಿ, ಬಂದಿದ್ದರೆ ಕಾರ್ಯಕ್ರಮದ ವಾರದಲ್ಲಿ ಹಾಕಬೇಡಿ. ಕೆಲವು ಅಪ್‌ಡೇಟ್‌ಗಳು ಪ್ಯಾಚ್‌ಗಳನ್ನೆಲ್ಲ ಅಳಿಸಿ ಕಾರ್ಖಾನೆಯ ಸೆಟ್ಟಿಂಗಿಗೆ ಒಯ್ಯುತ್ತವೆ.

ಹಂತ 10: ವೇದಿಕೆಯ ಮೇಲೆ ಜೋಡಿಸುವ ಕ್ರಮ

ಸೌಂಡಿನವರಿಗೆ ಮೊದಲೇ ಹೇಳಿ: "ಅಣ್ಣಾರ, ಗಿಟಾರ್ ಡಿಐ ಮ್ಯಾಲೆ ಬರ್ತೈತ್ರಿ, ಒಂದ್ ಮೈಕ್ ಲೈನ್ ಕೊಡ್ರಿ, ಫೇಡರ್ ಇಳಸೇ ಇಟ್ಕೊಳ್ರಿ." ಪ್ರೊಸೆಸರ್‌ಗೆ ಕರೆಂಟನ್ನು ಲೈಟಿನವರ ಬೋರ್ಡಿನಿಂದ ತೆಗೆದುಕೊಳ್ಳಬೇಡಿ, ಮಿಕ್ಸರ್ ಇರುವ ಲೈನಿನಿಂದಲೇ ಕೇಳಿ ಪಡೆಯಿರಿ, ಗುಂಯ್ ಸದ್ದಿನ ದೊಡ್ಡ ಪಾಲು ಅಲ್ಲಿಗೇ ಹೋಗುತ್ತದೆ. ಕೇಬಲ್‌ಗಳೆಲ್ಲ ಕೂತ ಮೇಲೆ ಆನ್ ಮಾಡಿ, ದನಿ ಬಂದ ಮೇಲೆ ಫೇಡರ್ (ಮಿಕ್ಸರಿನಲ್ಲಿ ದನಿ ಏರಿಸಿ ಇಳಿಸುವ ಜಾರುಗುಂಡಿ) ಏರಲಿ. ಸೌಂಡ್ ಚೆಕ್‌ನಲ್ಲಿ ಎಲ್ಲಕ್ಕಿಂತ ಜೋರಾದ ಲೀಡ್ ಪ್ಯಾಚನ್ನೇ ಮೊದಲು ನುಡಿಸಿ ಗೇನ್ ಹಾಕಿಸಿ. ಕ್ಲೀನಿಗೆ ಗೇನ್ ಹಾಕಿಸಿದರೆ ಲೀಡಿನಲ್ಲಿ ಮಿಕ್ಸರ್ ಒಡೆಯುತ್ತದೆ.

ಗುಂಯ್ ಸದ್ದು ಬಂದರೆ ಈ ಕ್ರಮದಲ್ಲಿ ಹುಡುಕಿ. ಗಿಟಾರಿನ ವಾಲ್ಯೂಮ್ ಸೊನ್ನೆ ಮಾಡಿ: ಸದ್ದು ನಿಂತರೆ ಅದು ಗಿಟಾರ್ ಪಿಕಪ್‌ನದು, ಲೈಟ್ ಟ್ರಾನ್ಸ್‌ಫಾರ್ಮರ್‌ನಿಂದ ದೂರ ಸರಿಯಿರಿ, ನುಡಿಸದಿರುವಾಗ ಸದ್ದು ತಡೆಯುವ ನಾಯ್ಸ್ ಗೇಟ್ ಸ್ವಲ್ಪ ಏರಿಸಿ. ನಿಲ್ಲದಿದ್ದರೆ ಡಿಐಯ ಗ್ರೌಂಡ್ ಲಿಫ್ಟ್ ಒತ್ತಿ. ಆಗಲೂ ನಿಲ್ಲದಿದ್ದರೆ ಅಡಾಪ್ಟರ್ ತೆಗೆದು ಬ್ಯಾಟರಿಯಲ್ಲಿ ಓಡಿಸಿ.

ಗುಂಯ್ ಸದ್ದು ಹೋಗಲೆಂದು ಮೂರು ಪಿನ್ನಿನ ಪ್ಲಗ್ಗಿನ ದೊಡ್ಡ ಪಿನ್, ಅಂದರೆ ಅರ್ಥಿಂಗ್, ಕತ್ತರಿಸುವವರನ್ನು ನೋಡುತ್ತೀರಿ. ಯಾವ ಕಾರಣಕ್ಕೂ ಇದನ್ನು ಮಾಡಬೇಡಿ, ಮಾಡಲು ಬಿಡಬೇಡಿ. ನಿಮ್ಮ ಬೆರಳು ತಂತಿಯ ಮೇಲಿರುತ್ತದೆ, ತುಟಿ ಮೈಕಿಗೆ ತಾಗುತ್ತದೆ. ಅರ್ಥಿಂಗ್ ಇಲ್ಲದಿದ್ದರೆ ಇವೆರಡರ ನಡುವೆ ಕರೆಂಟು ಹರಿಯಲು ನಿಮ್ಮ ಮೈಯೇ ದಾರಿ. ಮಳೆಯಲ್ಲಿ ನೆನೆದ ವೇದಿಕೆಯ ಮೇಲೆ ಇದು ಜೀವಕ್ಕೇ ಅಪಾಯ. ಮೈಕ್ ಬಳಿ ಹೋದಾಗ ಜುಮ್ ಎಂದರೆ, ಅಥವಾ ಮೈಕಿನ ಜಾಲರಿಗೆ ಟೆಸ್ಟರ್ ಇಟ್ಟಾಗ ದೀಪ ಹತ್ತಿದರೆ, ಗಿಟಾರ್ ಕೆಳಗಿಟ್ಟು ಜನರೇಟರಿನವರನ್ನು ಕರೆದು ಅರ್ಥಿಂಗ್ ಸರಿಮಾಡಿಸಿ. ಸರಿಯಾಗುವವರೆಗೆ ಹಾಡು ಶುರು ಮಾಡಬೇಡಿ.

ಕಾರ್ಯಕ್ರಮ ಮುಗಿದ ಮೇಲೆ ಪ್ರೊಸೆಸರನ್ನು ಒಣ ಬಟ್ಟೆಯಿಂದ ಒರೆಸಿ ಬ್ಯಾಗಿಗೆ ಹಾಕಿ. ವಿಜಯಪುರ, ಬಾಗಲಕೋಟೆ ಕಡೆಯ ಧೂಳಿಗೆ ಖಾಲಿ ಜ್ಯಾಕ್‌ಗಳ ಬಾಯಿಗೆ ರಬ್ಬರ್ ಮುಚ್ಚಳ ಹಾಕಿಡಿ. ಬೆಳಗಾವಿಯ ಮಳೆಗಾಲಕ್ಕೆ ಬ್ಯಾಗಿನಲ್ಲಿ ಎರಡು ಸಿಲಿಕಾ ಜೆಲ್ ಪೊಟ್ಟಣ ಇರಲಿ. ಜ್ಯಾಕ್ ಚರಚರ ಎನ್ನತೊಡಗಿದರೆ ಕಾಂಟ್ಯಾಕ್ಟ್ ಕ್ಲೀನರ್ ಒಂದು ಸಲ ಸಿಂಪಡಿಸಿ, ಪಿನ್ನನ್ನು ಹತ್ತು ಸಲ ಹಾಕಿ ತೆಗೆದು, ಹತ್ತು ನಿಮಿಷ ಒಣಗಲು ಬಿಟ್ಟು ಆಮೇಲೆ ಆನ್ ಮಾಡಿ. ತೆಂಗಿನೆಣ್ಣೆ, ಹೊಲಿಗೆ ಯಂತ್ರದ ಎಣ್ಣೆ ಹಾಕಬೇಡಿ. ಧೂಳು ಅಂಟಿಕೊಂಡು ಜ್ಯಾಕ್ ಇನ್ನಷ್ಟು ಕೆಡುತ್ತದೆ.